ನಾಲ್ಕು ಪ್ಯಾಕೆಟ್ ಶಾವಿಗೆ ಕದ್ದವರು ಯಾರು?

ಪಾಯಸ ಎಲೆ ಮೇಲೆ ನಿಲ್ಲಬೇಕು. ಓಡಬಾರದು.

ಮೊನ್ನೆ ಭಾನುವಾರ ಕನಕಪುರದಲ್ಲಿ ಅದು ಓಡಿತು. ಬಾಳೆಎಲೆಯ ಅಂಚು ದಾಟಿ, ಟೇಬಲ್ಲಿಗೆ ಹಾಸಿದ್ದ ಪೇಪರ್ ದಾಟಿ, ನೇರವಾಗಿ ಮಾಗಡಿಯಿಂದ ಬಂದಿದ್ದ ಬೀಗಿತ್ತಿಯ ರೇಷ್ಮೆ ಸೀರೆಗೆ ಇಳಿಯಿತು. ಹೊಸ ಸೀರೆ. ತಿಳಿನೀಲಿ ಬಣ್ಣ. ಕಲೆ ಕಾಣಿಸದೆ ಇರುತ್ತಾ?

ಬೀಗಿತ್ತಿ ಸೆರಗು ಒರೆಸಿಕೊಂಡರು. ಎಲೆ ನೋಡಿದರು. ಆಮೇಲೆ ಇಡೀ ಪಂಕ್ತಿಗೆ ಕೇಳಿಸುವ ಹಾಗೆ ಹೇಳಿದರು: "ಬಡ್ಸೋದ್ಯಾಕೆ ಬೀಗ್ತಿ? ಒಂದೊಂದ್ ಲೋಟ ಕೊಟ್ಬುಡಿ, ಕುಡ್ಕೋತೀವಿ."

ಪಂಕ್ತಿ ನಕ್ಕಿತು. ನಮ್ಮ ಚಿಕ್ಕಮ್ಮನ ಮುಖ ಕಪ್ಪಿಟ್ಟಿತು.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಅದು ಚಿಕ್ಕಪ್ಪನ ಮಗಳು ರಮ್ಯಳ ಸೀಮಂತ. ಮನೆ ಮುಂದಿನ ರಸ್ತೆಗೆ ಶಾಮಿಯಾನ, ಇನ್ನೂರು ಜನರ ಊಟ. ಹೆಣ್ಣಿನ ತವರಿನಲ್ಲಿ ನಡೆಯುವ ಕಾರ್ಯ ಅಂದಮೇಲೆ ಗೊತ್ತಲ್ಲ, ಅದು ಊಟವಲ್ಲ, ಪರೀಕ್ಷೆ. ಪ್ರಶ್ನೆಪತ್ರಿಕೆ ತರುವವರು ಬೀಗರು. ಮೌಲ್ಯಮಾಪಕರೂ ಅವರೇ.

ಅಡುಗೆ ಸಾಕಮ್ಮತ್ತೆಯದು. ನಮ್ಮಪ್ಪನ ಅಕ್ಕ, ಕೋಡಿಹಳ್ಳಿಯವರು. ಎಪ್ಪತ್ತು ದಾಟಿದೆ. ನಮ್ಮ ವಂಶದಲ್ಲಿ ಯಾರಿಗೆ ಮದುವೆಯಾಗಲಿ, ಹೆಸರಿಡಲಿ, ಗೃಹಪ್ರವೇಶವಾಗಲಿ, ಒಲೆ ಮುಂದೆ ಅತ್ತೆ. ಕೂಲಿ ಇಲ್ಲ, ಸಂಭಾವನೆ ಇಲ್ಲ. ಕೊನೆಯಲ್ಲಿ ಒಂದು ಸೀರೆ, ಎರಡು ತೆಂಗಿನಕಾಯಿ. ಅದನ್ನೂ ಬೇಡ ಬೇಡ ಅಂತಲೇ ತಗೊಳ್ಳುತ್ತಾರೆ. ಅವರಿಗೆ ಬೇಕಾಗಿದ್ದು ಒಂದೇ ಮಾತು. "ಸಾಕಮ್ಮನ ಕೈ ರುಚಿ." ಅದು ಕಿವಿಗೆ ಬಿದ್ದರೆ ಮುಗಿಯಿತು, ಮುಂದಿನ ಕಾರ್ಯಕ್ಕೆ ಕರೆಯುವುದೇ ಬೇಡ, ತಾವೇ ಬಸ್ಸು ಹತ್ತಿ ಬರುತ್ತಾರೆ.

ಅವರ ಲೆಕ್ಕದ ಬಗ್ಗೆಯೂ ಹೇಳಬೇಕು. ಮೊದಲು ಎಲ್ಲವೂ ಸೇರು, ಪಾವು. ಆಮೇಲೆ ಅಂಗಡಿಯಲ್ಲಿ ಬಿಡಿ ಸಾಮಾನು ಕಡಿಮೆಯಾಗಿ ಪ್ಯಾಕೆಟ್ ಬಂತು. ಅತ್ತೆಯೂ ಬದಲಾದರು. ಹತ್ತು ಎಲೆಗೆ ಒಂದು ಪ್ಯಾಕೆಟ್ ಶಾವಿಗೆ. ಒಂದು ಪ್ಯಾಕೆಟ್ ಶಾವಿಗೆಗೆ ಇಷ್ಟು ಹಾಲು, ಇಷ್ಟು ಸಕ್ಕರೆ. ನಮ್ಮ ಮನೆತನದ ಹೆಂಗಸರೆಲ್ಲ ಇದನ್ನೇ ಬಾಯಿಪಾಠ ಮಾಡಿದ್ದೇವೆ. ಯಾರೂ ಗ್ರಾಂ ಅನ್ನುವುದಿಲ್ಲ. "ಎಷ್ಟು ಹಾಕ್ದೆ?" ಅಂದರೆ "ಎರಡು ಪ್ಯಾಕೆಟ್ ಹಾಕ್ದೆ." ನಿಮ್ಮ ಮನೆಯಲ್ಲೂ ಹಾಗೇ ಅಲ್ಲವೇ? ಪ್ಯಾಕೆಟ್ ಅನ್ನೋದು ನಮಗೆ ಕವರ್ ಅಲ್ಲ, ಅಳತೆ.

ಇನ್ನೂರು ಎಲೆ. ಇಪ್ಪತ್ತು ಪ್ಯಾಕೆಟ್. ಚಿಕ್ಕಮ್ಮ ಎಣಿಸಿಯೇ ತಂದು ಕೊಟ್ಟಿದ್ದರು.

ಪಾಯಸ ಕುದಿಯುವಾಗಲೇ ಅತ್ತೆ ಒಮ್ಮೆ ಅಂದಿದ್ದುಂಟು. "ಯಾಕೋ ಒಸಿ ತೆಳ್ಳಗೈತಲ್ಲ." ಆದರೆ ಶಾವಿಗೆಯ ಗುಣ ನಿಮಗೆ ಗೊತ್ತು, ಆರುತ್ತ ಆರುತ್ತ ಗಟ್ಟಿಯಾಗುತ್ತದೆ. "ಇಳುಸ್ ಇಡ್ರವ್ವ, ಸರಿಹೋಯ್ತದೆ" ಅಂದರು. ಅಷ್ಟರಲ್ಲಿ ಬೀಗರ ಟೆಂಪೊ ಬಂತು. ಆರತಿ, ಅಕ್ಷತೆ, ಬಳೆ, ಫೋಟೊ. ಎಲ್ಲ ಮುಗಿಯುವ ಹೊತ್ತಿಗೆ ಪಾಯಸ ಆರಿತ್ತು. ಗಟ್ಟಿಯಾಗಿರಲಿಲ್ಲ.

ಮೊದಲ ಪಂಕ್ತಿ ಎದ್ದ ತಕ್ಷಣ ಚಿಕ್ಕಮ್ಮ ಹಿತ್ತಲಿಗೆ ನುಗ್ಗಿದರು. ಕೊಪ್ಪರಿಗೆಗೆ ಸೌಟು ಹಾಕಿ ತಳದಿಂದ ಎತ್ತಿದರು. ಹಾಲು ಸುರಿಯಿತು. ಶಾವಿಗೆ ಅಲ್ಲೊಂದು ಇಲ್ಲೊಂದು.

"ಅಕ್ಕ, ಇದು ಇಪ್ಪತ್ತು ಪ್ಯಾಕೆಟ್ಟಿನ ಪಾಯಸನಾ?"

"ಊಂ ಕಣವ್ವ. ನೀನೇ ಕೊಟ್ಯಲ್ಲ."

"ನಾನ್ ಕೊಟ್ಟಿದ್ದು ಇಪ್ಪತ್ತೇ. ಇದ್ರೊಳಗೆ ಬಿದ್ದಿರೋದು ಹದಿನಾರು. ನಾಕ್ ಪ್ಯಾಕೆಟ್ ಎಲ್ಲಿಗ್ ಹೋಯ್ತು?"

ಮಾತು ಶುರುವಾಗಿದ್ದು ಹಿತ್ತಲಲ್ಲಿ, ಆದರೆ ಅಷ್ಟರಲ್ಲಿ ಇಬ್ಬರೂ ಮಾತಾಡುತ್ತ ಅಂಗಳಕ್ಕೆ ಬಂದುಬಿಟ್ಟಿದ್ದರು. ಎರಡನೇ ಪಂಕ್ತಿಗೆ ಕಾಯುತ್ತಿದ್ದವರೆಲ್ಲ ಅಲ್ಲೇ ಇದ್ದರು. ಕೈ ತೊಳೆಯುತ್ತಿದ್ದ ಮಾಗಡಿಯವರೂ ಇದ್ದರು. ಪ್ರಶ್ನೆ ಎಲ್ಲರಿಗೂ ಕೇಳಿಸಿತು. ಉತ್ತರ ಯಾರಿಗೂ ಬೇಕಿರಲಿಲ್ಲ. ಎಲ್ಲರ ಕಣ್ಣು ಏಕಕಾಲಕ್ಕೆ ಒಂದೇ ಕಡೆ ಹೋಯಿತು. ಮೂಲೆಯಲ್ಲಿ ಗೋಡೆಗೆ ಒರಗಿಸಿಟ್ಟಿದ್ದ ಸಾಕಮ್ಮತ್ತೆಯ ಬಟ್ಟೆ ಬ್ಯಾಗಿನ ಮೇಲೆ.

ಅತ್ತೆ ಅದನ್ನು ನೋಡಿದರು. ಹೋಗಿ ಬ್ಯಾಗು ತಂದರು. ಅಂಗಳದ ಮಧ್ಯೆ ಬೋರಲು ಹಾಕಿದರು. ಒಂದು ಸೀರೆ. ಎಲೆಅಡಿಕೆ ಚೀಲ. ಬಿ.ಪಿ. ಮಾತ್ರೆ. ಬಾಚಣಿಗೆ.

ಯಾರೂ "ಅಯ್ಯೋ ಬೇಡ" ಅನ್ನಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಹಿಂದಿನಿಂದ ಯಾವುದೋ ಗಂಡಸಿನ ದನಿ "ಕುಂಬಳಕಾಯಿ ಕಳ್ಳ ಅಂದ್ರೆ..." ಎಂದು ಅರ್ಧಕ್ಕೆ ನಿಲ್ಲಿಸಿತು. ಉಳಿದರ್ಧ ಎಲ್ಲರಿಗೂ ಗೊತ್ತಿತ್ತು. ಕೆಲವರು ನಕ್ಕರು ಕೂಡ.

ಅತ್ತೆ ಒಂದೊಂದಾಗಿ ಎಲ್ಲ ತುಂಬಿಕೊಂಡರು. "ಇನ್ಮೇಲೆ ಯಾರ್ ಮನೆ ಒಲೆ ಮುಂದೂ ನನ್ನ ಕರೀಬ್ಯಾಡಿ" ಅಂದರು. ಬಸ್‌ಸ್ಟ್ಯಾಂಡಿಗೆ ನಡೆದರು. ಬೆಳಗಿನ ಜಾವ ಎದ್ದು ಇನ್ನೂರು ಜನಕ್ಕೆ ಬೇಯಿಸಿದ ಹೆಂಗಸು ಒಂದು ತುತ್ತೂ ಉಣ್ಣದೆ ಹೊರಟುಹೋದರು. ರಮ್ಯ ಹಸೆ ಮೇಲಿಂದ ಎದ್ದು ಬಂದು ಕೈ ಹಿಡಿದರೂ ನಿಲ್ಲಲಿಲ್ಲ.

ನನಗೆ ಮೈ ಉರಿದುಹೋಯಿತು. (ನನಗೆ ಮೈ ಉರಿದಾಗ ಏನಾದರೂ ಮಾಡಲೇಬೇಕು. ಮನೆಯವರು ಇದನ್ನು ಕಾಯಿಲೆ ಅನ್ನುತ್ತಾರೆ.) ಹಿತ್ತಲಿನ ಕಸದ ಗುಂಡಿಗೆ ಹೋದೆ. ಒಳ್ಳೆ ಸೀರೆ ಮೇಲೆತ್ತಿ ಕಟ್ಟಿಕೊಂಡು ಕೋಲಿನಲ್ಲಿ ಕೆದಕಿದೆ. ಶಾವಿಗೆಯ ಖಾಲಿ ಪ್ಯಾಕೆಟ್ಟುಗಳೆಲ್ಲ ಅಲ್ಲೇ ಇದ್ದವು. ಎಣಿಸಿದೆ.

ಇಪ್ಪತ್ತು.

ಓಡಿ ಬಂದು ಚಿಕ್ಕಮ್ಮನ ಮುಂದೆ ಸುರಿದೆ. ಮಾಗಡಿಯವರ ಟೆಂಪೊ ಅಷ್ಟರಲ್ಲಿ ಹೊರಟುಹೋಗಿತ್ತು. ಸಂಬಂಧಿಕರು ಅಷ್ಟು ಸುಲಭಕ್ಕೆ ಸೋಲುವವರೇ? "ಪ್ಯಾಕೆಟ್ ಇಲ್ಲೈತೆ, ಸರಿ. ಒಳಗಿದ್ದುದ್ದು ಎಲ್ಲಿಗ್ ಹೋಯ್ತೋ ಯಾರಿಗ್ ಗೊತ್ತು?" ಎಂದಿತು ಇನ್ನೊಂದು ದನಿ. ಒಂದು ಮಾತು ಹೇಳುತ್ತೇನೆ, ಆ ದನಿ ಕೆಟ್ಟ ಮನಸ್ಸಿನಿಂದ ಕೇಳಿದ್ದರೂ ಕೇಳಿದ ಪ್ರಶ್ನೆ ಸರಿಯಾಗಿತ್ತು. ಒಳಗಿದ್ದದ್ದು ಎಲ್ಲಿಗೆ ಹೋಯಿತು?

ಕನ್ನಡಕ ಹಾಕಿಕೊಂಡೆ. ಪ್ಯಾಕೆಟ್ ತಿರುಗಿಸಿದೆ. ಮುಂದುಗಡೆ ನಗುವ ತಾಯಿ, ನಗುವ ಮಗು, ಹಬೆಯಾಡುವ ಬಟ್ಟಲು, ದೊಡ್ಡ ಹಳದಿ ಅಕ್ಷರದಲ್ಲಿ "ಹೊಸ ಪ್ಯಾಕ್! ಅದೇ ಬೆಲೆ!" ಹಿಂದುಗಡೆ ಬಾರ್‌ಕೋಡ್, ಫ್ಯಾಕ್ಟರಿ ವಿಳಾಸ, ಯಾವ್ಯಾವುದೋ ಎಣ್ಣೆಯ ಹೆಸರು. ಕಂದು ಬಣ್ಣದ ಮೇಲೆ ಕಪ್ಪು ಅಕ್ಷರ. ಬಿಸಿಲಿಗೆ ಹಿಡಿದೆ. ಅಂಟು ಹಾಕಿದ ಮಡಿಕೆಯ ಪಕ್ಕದಲ್ಲಿ ಇರುವೆಯ ಸಾಲಿನಂಥ ಒಂದು ಸಾಲು. ನಿವ್ವಳ ತೂಕ ನಾನೂರು ಗ್ರಾಂ.

ನಾನೂರು!

ನಮ್ಮ ಪಾಲಿಗೆ ಶಾವಿಗೆ ಪ್ಯಾಕೆಟ್ ಅಂದರೆ ಅರ್ಧ ಕೆ.ಜಿ. ಅಂಗಡಿಯಲ್ಲೂ "ಅರ್ಧ ಕೆ.ಜಿ. ಪ್ಯಾಕೆಟ್ ಕೊಡಿ" ಅಂತಲೇ ಕೇಳುತ್ತೇವೆ. ಅವರೂ ಅದನ್ನೇ ಕೊಡುತ್ತಾರೆ. ಅದೇ ಉದ್ದ, ಅದೇ ಅಗಲ, ಅದೇ ತಾಯಿ, ಅದೇ ಮಗು. ಒಳಗೆ ಮಾತ್ರ ನೂರು ಗ್ರಾಂ ಗಾಳಿ.

ಈಗ ಲೆಕ್ಕ ಹಾಕಿ. ಒಂದು ಪ್ಯಾಕೆಟ್ಟಿಗೆ ನೂರು ಗ್ರಾಂ ಕಡಿಮೆ. ಇಪ್ಪತ್ತು ಪ್ಯಾಕೆಟ್ಟಿಗೆ ಎರಡು ಕೆ.ಜಿ. ಎರಡು ಕೆ.ಜಿ. ಅಂದರೆ ನಮ್ಮ ಹಳೇ ಲೆಕ್ಕದಲ್ಲಿ ಎಷ್ಟು ಪ್ಯಾಕೆಟ್? ನಾಲ್ಕು.

ಚಿಕ್ಕಮ್ಮನ ಕಣ್ಣಳತೆ ಒಂದು ಎಳೆಯಷ್ಟೂ ತಪ್ಪಿರಲಿಲ್ಲ. ಕಳ್ಳತನ ಆಗಿತ್ತು. ನಾಲ್ಕು ಪ್ಯಾಕೆಟ್ಟೇ ಹೋಗಿತ್ತು. ಕದ್ದವರು ಮಾತ್ರ ಆ ಅಂಗಳದಲ್ಲಿರಲಿಲ್ಲ. ಅವರು ಎಲ್ಲೋ ಎ.ಸಿ. ರೂಮಿನಲ್ಲಿ ಕೂತು "ಹೊಸ ಪ್ಯಾಕ್" ಅಂತ ಡಿಸೈನ್ ಮಾಡಿಸುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಬರೆ ನಮ್ಮತ್ತೆಗೆ ಬಿತ್ತು.

ಕಂಪನಿ ಹೆಸರು ಬರೆಯುವುದಿಲ್ಲ. ಬರೆದರೆ ಸಂಪಾದಕರಿಗೆ ನೋಟಿಸ್ ಬರುತ್ತದೆ. ಅಲ್ಲದೆ ಒಂದು ಹೆಸರು ಬರೆದು ಏನು ಉಪಯೋಗ? ನಿಮ್ಮ ಅಡುಗೆಮನೆಗೆ ಹೋಗಿ, ಈಗಲೇ, ಪೇಪರ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಒಂದು ಲೀಟರ್ ಅಂದುಕೊಂಡು ತಂದ ಎಣ್ಣೆ ಪ್ಯಾಕೆಟ್ ತಿರುಗಿಸಿ. ಬಟ್ಟೆ ಸೋಪು ತಿರುಗಿಸಿ. ಬಿಸ್ಕತ್ತು ಬಿಡಿ, ಹತ್ತು ರೂಪಾಯಿ ಪ್ಯಾಕೆಟ್ಟಿನಲ್ಲಿ ಬಿಸ್ಕತ್ತು ಈಗ ಒಂಟಿಯಾಗಿ ಉರುಳಾಡುತ್ತಿದೆ. ಚಿಪ್ಸಿನ ಕಥೆಯಂತೂ ಕೇಳಲೇಬೇಡಿ. ಮಕ್ಕಳು ಪ್ಯಾಕೆಟ್ ಒಡೆದಾಗ ಬರುವ ಸದ್ದಿಗೇ ಅರ್ಧ ದುಡ್ಡು ಕೊಟ್ಟಿರುತ್ತೇವೆ.

ನಾನಿರುವುದು ಚನ್ನಪಟ್ಟಣ. ಬೊಂಬೆ ಮಾಡುವವರ ಬೀದಿಯಲ್ಲೇ ದಿನಾ ಓಡಾಟ. ಅವರು ಡಬ್ಬ ಮಾಡಿಸುವುದನ್ನು ನೋಡಿದ್ದೇನೆ. ಬೊಂಬೆಯನ್ನು ಇಟ್ಟು ಅಳೆದು ಅದಕ್ಕೆ ತಕ್ಕ ಡಬ್ಬ. ದೊಡ್ಡ ಡಬ್ಬದಲ್ಲಿ ಚಿಕ್ಕ ಬೊಂಬೆ ಇಟ್ಟು ಕೊಟ್ಟರೆ ಗಿರಾಕಿ ಅಲ್ಲೇ ಡಬ್ಬ ಅಲ್ಲಾಡಿಸಿ ಜಗಳ ತೆಗೆಯುತ್ತಾನೆ. ಪಕ್ಕದ ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ತೂಕ ನೂರು ಗ್ರಾಂ ಆಚೀಚೆ ಆಗಲಿ ನೋಡೋಣ. ಬೆಳೆಗಾರ ತಕ್ಕಡಿ ಮುಂದಿನಿಂದ ಕದಲುವುದಿಲ್ಲ. ನಮ್ಮ ಸಂತೆಯಲ್ಲಿ ಅವರೆಕಾಯಿ ಮಾರುವ ಹೆಂಗಸಿನ ತಕ್ಕಡಿ ಒಂಚೂರು ವಾಲಿದರೂ ನಾವು ಮಹಾಭಾರತ ಮಾಡುತ್ತೇವೆ. ಆಕೆಯ ತಕ್ಕಡಿಗೆ ಸೀಲು ಹಾಕಿಸಬೇಕು, ತೂಕದ ಬಟ್ಟಿಗೆ ಸೀಲು ಹಾಕಿಸಬೇಕು. ಇಷ್ಟೆಲ್ಲ ಆದಮೇಲೂ ತೂಗಿದ ಮೇಲೆ ಒಂದು ಹಿಡಿ ಕೊಸರು ಹಾಕದಿದ್ದರೆ ನಮಗೆ ಸಮಾಧಾನವಿಲ್ಲ. "ಹಾಕಮ್ಮ ಇನ್ನೊಂದೆರಡು, ನಿನ್ನ ಗಂಟೇನ್ ಹೋಯ್ತದೆ?" ಆಕೆ ಬೈದುಕೊಂಡೇ ಹಾಕುತ್ತಾಳೆ.

ಆಕೆಯ ಹತ್ತಿರ ಎರಡು ಅವರೆಕಾಯಿಗೆ ಗಂಟಲು ಹರಿದುಕೊಳ್ಳುವ ನಾವು ಕಂಪನಿಗೆ ಪ್ಯಾಕೆಟ್ಟಿಗೆ ನೂರು ಗ್ರಾಂ ಕೊಸರು ಕೊಟ್ಟು ಬರುತ್ತಿದ್ದೇವೆ. ಅದೂ "ಥ್ಯಾಂಕ್ಯೂ" ಹೇಳಿ.

ಪ್ಯಾಕೆಟ್ ಮೇಲೆ ಒಂದು ಫೋನ್ ನಂಬರ್ ಇತ್ತು. ಸೋಮವಾರ ಬೆಳಿಗ್ಗೆ ಮಾಡಿದೆ. ಸ್ವಲ್ಪ ಹೊತ್ತು ಸಂಗೀತ ಕೇಳಿಸಿದರು. ಆಮೇಲೆ ಒಂದು ಹುಡುಗಿ, ತುಂಬ ಮರ್ಯಾದೆಯ ದನಿ.

"ಹೇಳಿ ಮೇಡಂ, ಪ್ರಾಡಕ್ಟಲ್ಲಿ ಏನು ಪ್ರಾಬ್ಲಂ? ಹುಳ ಬಂದಿತ್ತಾ?"

"ಹುಳ ಬಂದಿಲ್ಲಮ್ಮ. ಶಾವಿಗೆನೇ ಬಂದಿಲ್ಲ. ಐನೂರು ಗ್ರಾಂ ಇರುತ್ತಿದ್ದ ಪ್ಯಾಕೆಟ್ಟಲ್ಲಿ ನಾನೂರು ಇದೆ."

"ನಾನೂರು ಅಂತ ಬ್ಯಾಕ್ ಸೈಡಲ್ಲಿ ಮೆನ್ಷನ್ ಆಗಿದೆಯಲ್ಲ ಮೇಡಂ?"

"ಆಗಿದೆ. ಕಡಿಮೆ ಮಾಡಿದ್ದೀವಿ ಅಂತ ಯಾಕೆ ಮೆನ್ಷನ್ ಮಾಡಿಲ್ಲ? ಮುಂದುಗಡೆ 'ಅದೇ ಬೆಲೆ' ಅಂತ ದೊಡ್ಡದಾಗಿ ಹಾಕಿದ್ದೀರಲ್ಲ, ಪಕ್ಕದಲ್ಲಿ 'ಕಡಿಮೆ ಶಾವಿಗೆ' ಅಂತಲೂ ಹಾಕಬಹುದಿತ್ತಲ್ಲ?"

"ನಿಮ್ಮ ಫೀಡ್‌ಬ್ಯಾಕ್ ನೋಟ್ ಮಾಡ್ಕೋತೀನಿ ಮೇಡಂ. ನಿಮಗೊಂದು ಡಿಸ್ಕೌಂಟ್ ಕೂಪನ್ ಕಳಿಸ್ಲಾ?"

"ಕೂಪನ್ ಬೇಡ. ಮಾಗಡಿಗೆ ಒಂದು ಫೋನ್ ಮಾಡಿ. ನಾಲ್ಕು ಪ್ಯಾಕೆಟ್ ಶಾವಿಗೆ ನಮ್ಮ ಹತ್ತಿರವೇ ಇದೆ, ಸಾಕಮ್ಮನವರ ಹತ್ತಿರ ಇಲ್ಲ ಅಂತ ಹೇಳಿ."

"ಸಾರಿ ಮೇಡಂ, ಆ ಆಪ್ಶನ್ ನಮ್ಮಲ್ಲಿ ಇಲ್ಲ."

ಪಾಪ, ಅವಳನ್ನು ಬೈದು ಏನು ಪ್ರಯೋಜನ? ಅವಳ ಮನೆಯಲ್ಲೂ ಪಾಯಸ ಓಡುತ್ತಿರಬಹುದು. ಫೋನ್ ಇಟ್ಟೆ.

ಸಂಜೆ ಸೂಪರ್‌ಮಾರ್ಕೆಟ್ಟಿಗೆ ಹೋದೆ. ಕನ್ನಡಕ, ಮೊಬೈಲಿನ ಕ್ಯಾಲ್ಕುಲೇಟರ್, ಜೊತೆಗೆ ಮನೆಯವರು. (ಬುಟ್ಟಿ ಹಿಡಿಯಲು. ನನ್ನನ್ನು ಹಿಡಿಯಲು ಅಂತ ಅವರು ಹೇಳುತ್ತಾರೆ.) ಪ್ಯಾಕೆಟ್ ಮೇಲೆ ಬೆಲೆಯ ಕೆಳಗೆ ಗ್ರಾಂಗೆ ಎಷ್ಟು, ಕೆ.ಜಿ.ಗೆ ಎಷ್ಟು ಎಂದು ಅಚ್ಚು ಹಾಕಬೇಕು ಅನ್ನುವ ನಿಯಮ ಬಂದಿದೆ. ನಿಮಗೆ ಗೊತ್ತಿತ್ತಾ? ನನಗೂ ಗೊತ್ತಿರಲಿಲ್ಲ. ಹುಡುಕಿದರೆ ಸಿಗುತ್ತದೆ. ಹುಡುಕಬೇಕು.

ಶಾವಿಗೆಯಿಂದಲೇ ಶುರು ಮಾಡಿದೆ. ಬೆಲೆ ಅರವತ್ತು ರೂಪಾಯಿ, ಮೊದಲೂ ಅರವತ್ತೇ. ಐನೂರು ಗ್ರಾಂ ಇದ್ದಾಗ ಕೆ.ಜಿ.ಗೆ ನೂರಿಪ್ಪತ್ತು ಬೀಳುತ್ತಿತ್ತು. ನಾನೂರು ಗ್ರಾಂ ಆದಮೇಲೆ ನೂರೈವತ್ತು ಬೀಳುತ್ತದೆ. ಕೆ.ಜಿ.ಗೆ ಮೂವತ್ತು ರೂಪಾಯಿ ಏರಿಸಿ "ಅದೇ ಬೆಲೆ" ಅಂತ ಬರೆಯಲು ಎಂಥ ಎದೆಗಾರಿಕೆ ಬೇಕು! ನೂರೈವತ್ತು ಅಂತ ನೇರವಾಗಿ ಹೇಳಿದ್ದರೆ ಬೈದುಕೊಂಡು ಕೊಡುತ್ತಿದ್ದೆವು. ಗೋಧಿ ಬೆಲೆ ಏರಿದೆ, ಡೀಸೆಲ್ ಏರಿದೆ, ನಮಗೂ ಗೊತ್ತು. ಬೆಲೆ ಏರಿಸುವವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಏರಿಸಿ, ಏರಿಸಿಲ್ಲ ಅನ್ನುವವರ ಮೇಲೆ ಇದೆ.

ಮುಂದೆ ಟೀ ಪುಡಿ. ಕಾಲು ಕೆ.ಜಿ. ಪ್ಯಾಕೆಟ್ ನೂರ ನಲವತ್ತು. ಅದರ ಪಕ್ಕ ದಪ್ಪ ಹೊಟ್ಟೆಯ ಇನ್ನೊಂದು, "ಫ್ಯಾಮಿಲಿ ಸೇವರ್" ಅಂತೆ. ನಾನೂರೈವತ್ತು ಗ್ರಾಂ, ಇನ್ನೂರ ಅರವತ್ತೊಂದು. ಎತ್ತಿಕೊಂಡು ಬುಟ್ಟಿಗೆ ಹಾಕುತ್ತಿದ್ದ ಮನೆಯವರ ಕೈ ಹಿಡಿದು ಲೆಕ್ಕ ಹಾಕಿದೆ. ಚಿಕ್ಕದು ಗ್ರಾಂಗೆ ಐವತ್ತಾರು ಪೈಸೆ. ಫ್ಯಾಮಿಲಿಯನ್ನು ಕಾಪಾಡುವ ದೊಡ್ಡದು ಐವತ್ತೆಂಟು! ದೊಡ್ಡದು ಕೊಂಡರೆ ಅಗ್ಗ ಅಂತ ನಮ್ಮಮ್ಮ ಹೇಳಿಕೊಟ್ಟಿದ್ದಳು. ಅವಳ ಕಾಲದಲ್ಲಿ ಅದು ನಿಜವಿತ್ತು. ಅದು ನಮ್ಮ ತಲೆಯಲ್ಲಿ ಕೂತಿದೆ ಅಂತ ಕಂಪನಿಗೂ ಗೊತ್ತು.

ಇನ್ನೂ ಒಂದು ತಮಾಷೆ ನೋಡಿ. ಒಂದು ಕೆ.ಜಿ.ಗಿಂತ ಕಡಿಮೆ ಇದ್ದರೆ ಗ್ರಾಂ ಲೆಕ್ಕ ಅಚ್ಚು ಹಾಕುತ್ತಾರೆ, ಹೆಚ್ಚಿದ್ದರೆ ಕೆ.ಜಿ. ಲೆಕ್ಕ. ಒಂದರ ಮೇಲೆ ಸೊನ್ನೆ ಪಾಯಿಂಟ್ ಎಷ್ಟೋ, ಇನ್ನೊಂದರ ಮೇಲೆ ನೂರಾ ಎಷ್ಟೋ. ಪಕ್ಕಪಕ್ಕ ಇಟ್ಟು ಹೋಲಿಸಬೇಕಾದವರು ಪಾಯಿಂಟನ್ನು ಮೂರು ಮನೆ ಆಚೆ ಜರುಗಿಸಿಕೊಂಡು ನಿಲ್ಲಬೇಕು. ಹಿಂದೆ ಟ್ರಾಲಿ ಹಿಡಿದವರು "ಒಸಿ ಜರುಗಿ" ಅಂತಿರುತ್ತಾರೆ. ಸಂತೆಯಲ್ಲಿ ಟೊಮೆಟೊ ಮಾರುವವರು ರಟ್ಟಿನ ಮೇಲೆ ಕೆ.ಜಿ.ಗೆ ಇಷ್ಟು ಅಂತ ಸೀಮೆಸುಣ್ಣದಲ್ಲಿ ಗೀಚಿ ರಾಶಿಗೆ ಚುಚ್ಚಿರುತ್ತಾರೆ. ರಸ್ತೆ ಆಚೆಯಿಂದಲೇ ಕಾಣುತ್ತದೆ. ಅಷ್ಟನ್ನು ಈ ಎ.ಸಿ. ಅಂಗಡಿಗಳು ಪ್ರತಿ ಸಾಮಾನಿನ ಕೆಳಗೂ ದಪ್ಪಕ್ಷರದಲ್ಲಿ ಬರೆದರೆ ಏನು ಕಳೆದುಕೊಳ್ಳುತ್ತವೆ?

ಮ್ಯಾನೇಜರ್ ಹುಡುಗನನ್ನೇ ಕೇಳಿದೆ. "ಕಸ್ಟಮರ್ಸ್ ಯಾರೂ ಅದನ್ನ ಕೇಳಲ್ಲ ಮೇಡಂ, ಆಫರ್ ಏನಿದೆ ಅಂತ ಕೇಳ್ತಾರೆ" ಅಂದ. ಅವನ ಮಾತು ಸುಳ್ಳಲ್ಲ. ನಾವೂ ಆ ದಿನ ಒಂದು ಸೋಪಿಗೆ ಒಂದು ಸೋಪು ಫ್ರೀ ತಂದೆವು. (ಮನೆಗೆ ಬಂದು ನೋಡಿದರೆ ಎರಡೂ ಸೇರಿ ಹಳೆಯ ಒಂದೂವರೆಗೆ ಸಮ. ನನ್ನ ಕಣ್ಣು ತಪ್ಪಿಸಿ ಹಾಕಿದವರು ಯಾರು ಅಂತ ಬರೆಯುವುದಿಲ್ಲ, ಅವರು ಈ ಅಂಕಣ ಓದುತ್ತಾರೆ.)

ಇದೆಲ್ಲ ಆಗಿ ಬುಧವಾರ ಕೋಡಿಹಳ್ಳಿ ಬಸ್ಸು ಹತ್ತಿದೆ. ಬ್ಯಾಗಿನಲ್ಲಿ ತೊಳೆದು ಒಣಗಿಸಿದ ಒಂದು ಖಾಲಿ ಪ್ಯಾಕೆಟ್. ಅತ್ತೆಯ ಮುಂದೆ ಬಿಡಿಸಿಟ್ಟು ವಿಷಯ ತಿಳಿಸಿದರೆ ಅವರ ಮುಖ ಅರಳುತ್ತದೆ ಅಂದುಕೊಂಡಿದ್ದೆ.

ಅತ್ತೆ ಜಗಲಿ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಾನು ನಾನೂರು, ಐನೂರು, ಎರಡು ಕೆ.ಜಿ. ಅಂತ ಒಂದೇ ಉಸಿರಿಗೆ ಒದರಿದೆ. ಅವರು ಪ್ಯಾಕೆಟ್ಟನ್ನು ಮುಟ್ಟಲೂ ಇಲ್ಲ.

"ನಾನ್ ಕದ್ದಿಲ್ಲ ಅಂತ ನನ್ಗೆ ಇದನ್ನ ಓದಿ ಗೊತ್ತಾಗ್ಬೇಕಾ ಮಗ?" ಅಂದರು.

ಆದರೂ ನಾನು ತೂಕದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ.

"ಇದ್ನ ನನ್ಗ್ಯಾಕ್ ತೋರುಸ್ತೀಯ? ಯಾರ್ ನಕ್ರೋ ಅವರ್ಗ್ ತೋರ್ಸು."

ಭಾನುವಾರವೇ ನನ್ನಿಂದ ಈ ಗ್ರಾಂ ಲೆಕ್ಕ ಕೇಳಿದ್ದ ಚಿಕ್ಕಮ್ಮ ಹಿಂದಿನ ದಿನವೇ ಬಂದು ಹೋಗಿದ್ದರಂತೆ. ಅತ್ತರಂತೆ. "ತಪ್ಪಾಯ್ತು ಅಕ್ಕ, ಬೀಗರ ಮುಂದೆ ತಲೆ ಕೆಟ್ಟೋಗಿತ್ತು" ಅಂತ ಕೈ ಹಿಡಿದರಂತೆ. ಒಳ್ಳೆಯದೇ ಆಯಿತಲ್ಲ ಅತ್ತೆ ಅಂದೆ. ರಮ್ಯಳ ಮಗುವಿಗೆ ಹೆಸರಿಡುವ ದಿನ ಪಾಯಸಕ್ಕೆ ನೀವೇ ಬರಬೇಕು ಅಂದೆ.

"ಬರಲ್ಲ ಕಣವ್ವ."

"ಯಾಕತ್ತೆ? ಚಿಕ್ಕಮ್ಮ ತಪ್ಪು ಒಪ್ಪಿಕೊಂಡ್ರಲ್ಲ?"

ಅತ್ತೆ ಹುಣಸೆಬೀಜವನ್ನು ಪಕ್ಕಕ್ಕೆ ಎಸೆದರು. "ಕಳ್ಳಿ ಅಂದಿದ್ದೆಲ್ಲಿ? ಅಂಗಳದಲ್ಲಿ, ಊರೋರೆಲ್ಲಾ ಕೇಳೋ ಹಂಗೆ. ತಪ್ಪಾಯ್ತು ಅಂದಿದ್ದೆಲ್ಲಿ? ನನ್ನ ಅಡುಗೆಮನೇಲಿ, ಬಾಗ್ಲು ಮುಂದಕ್ಕೆಳ್ದು, ಕಿವೀಲಿ. ಆ ಮಾಗಡಿಯೋರು ಸಾಯೋಗಂಟ ನನ್ನ ಏನಂದ್ಕೋತಾರೆ ಹೇಳು?"

ವಾಪಸ್ ಬರುತ್ತ ಕನಕಪುರದಲ್ಲಿ ಇಳಿದೆ. ಚಿಕ್ಕಮ್ಮನಿಗೆ ಹೇಳಿದೆ, ಬೀಗರಿಗೆ ಫೋನ್ ಮಾಡಿ ವಿಷಯ ತಿಳಿಸಿಬಿಡಿ. ಚಿಕ್ಕಮ್ಮ ಗಾಬರಿಯಾದರು. "ಅಯ್ಯೋ, ಬೀಗರತ್ರ ಅದ್ನೆಲ್ಲ ಹೇಳಕ್ಕಾಯ್ತದಾ? ಪ್ಯಾಕೆಟ್ ಗ್ರಾಂ ಲೆಕ್ಕ ಹಾಕೋ ಮನೆ ಅಂತ ಆಡ್ಕೋತಾರೆ. ಹೋಗ್ಲಿ ಬುಡು, ಮರ್ತೋಗ್ತರೆ." ಹೆಸರಿಡುವ ದಿನಕ್ಕೆ ಕ್ಯಾಟರಿಂಗಿನವರಿಗೆ ಹೇಳಿ ಆಗಿದೆ ಅಂತಲೂ ಅಂದರು. ಅವರು ಪಾಯಸ ಕಪ್ಪಿನಲ್ಲಿ ಕೊಡುತ್ತಾರಂತೆ. ಎಲೆ ಮೇಲೆ ಓಡುವ ಭಯವಿಲ್ಲ.

ಬಸ್ಸಿನಲ್ಲಿ ಕೂತು ಯೋಚಿಸಿದೆ. ದೊಡ್ಡಕ್ಷರದಲ್ಲಿ ಒಂದು ಮಾತು, ಸಣ್ಣಕ್ಷರದಲ್ಲಿ ಸತ್ಯ. ಇಷ್ಟು ದಿನ ಕಂಪನಿಯವರನ್ನು ಬೈದೆನಲ್ಲ, ನಮ್ಮ ಮನೆತನದವರು ಮಾಡುತ್ತಿರುವುದೇನು? ಸಾಕಮ್ಮತ್ತೆಯ ಕೈಯಿಂದ ಉಂಡು ಬೆಳೆದವರು ನಾವೆಲ್ಲ. ಇಷ್ಟು ಕಾರ್ಯಗಳಲ್ಲಿ ಒಂದು ಹಿಡಿ ಅಕ್ಕಿ ಆಚೀಚೆ ಆಗಿದ್ದನ್ನು ಯಾರೂ ಕಂಡಿಲ್ಲ. ಆದರೂ ಅನುಮಾನ ಬಂದ ಕ್ಷಣ ಎಲ್ಲರ ಕಣ್ಣು ಆ ಬಟ್ಟೆ ಬ್ಯಾಗಿನ ಮೇಲೆ ಹೋಯಿತೇ ಹೊರತು ಪ್ಯಾಕೆಟ್ಟಿನ ಮೇಲೆ ಹೋಗಲಿಲ್ಲ. ನಗುವ ತಾಯಿಯ ಚಿತ್ರವಿರುವ ಪ್ಲಾಸ್ಟಿಕ್ ಕವರು ಸುಳ್ಳು ಹೇಳೀತು ಅಂತ ಒಬ್ಬರಿಗೂ ಹೊಳೆಯಲಿಲ್ಲ. ಇದು ನನಗೆ ನೂರು ಗ್ರಾಮಿಗಿಂತ ಹೆಚ್ಚು ಉರಿಯುತ್ತಿದೆ.

ರಾತ್ರಿ ಅತ್ತೆಗೆ ಫೋನ್ ಮಾಡಿ ಕೇಳಿದೆ, ಇದನ್ನು ಪೇಪರಿನಲ್ಲಿ ಬರೆಯಲಾ ಅಂತ. "ಮಾಗಡೀಲೂ ಬತ್ತದಾ ಆ ಪೇಪರು?" ಅಂದರು. ಬರುತ್ತದೆ ಅಂದೆ. "ಹಂಗಾರೆ ಬರಿ. ನನ್ ಹೆಸರು ಬಿಡಬ್ಯಾಡ" ಅಂದರು.

ಆದ್ದರಿಂದ ಸಂಪಾದಕರಲ್ಲಿ ಒಂದು ವಿನಂತಿ. ಮುಂದಿನ ಸಾಲನ್ನು ದಯವಿಟ್ಟು ನಿಮ್ಮಲ್ಲಿರುವ ಅತಿ ದಪ್ಪ ಅಕ್ಷರದಲ್ಲಿ ಹಾಕಿ.

ಕೋಡಿಹಳ್ಳಿಯ ಸಾಕಮ್ಮ ಒಂದು ಎಳೆ ಶಾವಿಗೆಯನ್ನೂ ಕದ್ದಿಲ್ಲ.

ಮಾಗಡಿಯ ಬೀಗರೇ, ಈ ಸೈಜು ಕಾಣಿಸುತ್ತಾ?